ಕೀಲಿ ಅಂದರೆ ಎರಡೂ

ನಮ್ಮ ಕಡೆ ಕೀಲಿ ಅಂದರೆ ಬೀಗ.
ಅವಸರದಲ್ಲಿ, ಕೀಲಿ ಅಂದರೆ ಕೀಲಿಕೈಯೂ ಹೌದು.
ಕೀಲಿ ಹಾಕು, ಕೀಲಿ ಕೊಡು,
ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಬೆಳೆದವಳಿಗೆ
ಜೋಡಿ ಕೀಲಿಯ ಲೆಕ್ಕ ಹೊಸದಾಗಿ ಕಲಿಸಬೇಕಾಗಿರಲಿಲ್ಲ:
ಒಂದನ್ನು ಊರಿಗೆಲ್ಲ ಹಂಚುವುದು,
ಒಂದನ್ನು ನಡಕ್ಕೆ ಸಿಕ್ಕಿಸಿಕೊಳ್ಳುವುದು.

ಶನಿವಾರ ಸಂಜೆ, ನವನಗರ, ನಲವತ್ತೇಳನೇ ಸೆಕ್ಟರು.
ಪತ್ತಿನ ಸಂಘದ ಶಟರು ಅರ್ಧ ಇಳಿದಿದೆ.
ಸದಸ್ಯರ ಮೊಬೈಲಿನಲ್ಲೆಲ್ಲ ನಮ್ಮ ಹೆಸರಿನ ಮೇಲೆ
ಕೆಂಪು ಗೀಟು: ಇವರನ್ನು ನಂಬಬೇಡಿ.
ಪತ್ತು ಅಂತ ಹೆಸರಲ್ಲೇ ಇಟ್ಟುಕೊಂಡವರಿಗೆ
ಇದಕ್ಕಿಂತ ಬೈಗುಳ ಬೇರೆ ಬೇಕೆ.

ಕರಿ ಪರದೆ ತೆರೆದೆ. ಚಿತ್ರವಿಲ್ಲ, ಗುಂಡಿಯಿಲ್ಲ,
ಕಾಯುವ ಒಂದು ಗೀರು ಮಾತ್ರ,
ಕೌಂಟರಿನ ಮುಂದೆ ಪಾಸ್‌ಬುಕ್ ಹಿಡಿದು ನಿಂತವನಂತೆ.
ಓಪನ್‌ಎಸ್‌ಎಸ್‌ಎಲ್ ಅಂತ ಹೊಡೆದು
ಈ ಪ್ರಮಾಣಪತ್ರ ಓದು ಅಂದೆ.
ಓದಿತು, ಬಾಂಡ್ ರೈಟರನ ದನಿಯಲ್ಲಿ:
ಯಾರ ಹೆಸರಿಗೆ. ಕೊಟ್ಟವರು ಯಾರು.
ಎಂದಿನಿಂದ. ಎಂದಿನ ತನಕ.
ಕಡೆಗೆ ಹೆಬ್ಬೆಟ್ಟು: ಎರಡೆರಡು ಅಕ್ಷರ, ನಡುವೆ ಜೋಡಿ ಚುಕ್ಕಿ,
ಒಟ್ಟು ಮೂವತ್ತೆರಡು ಸಲ.
ಅವಧಿ ಮುಗಿದದ್ದು ಯಾವುದೋ ದೇಶದ ನಡುರಾತ್ರಿಗೆ,
ನಮ್ಮ ಬೆಳಗಿನ ಐದೂವರೆಗೆ,
ಹಾಲಿನ ಗಾಡಿ ಬರುವ ಹೊತ್ತಿಗೆ.

ಲಾಲಸಾಬ ನದಾಫ ಚಹಾ ಇಟ್ಟು ಬಗ್ಗಿ ನೋಡಿದ.
"ಈ ಪತ್ರಕ್ಕ ಜಾಮೀನ ಯಾರ್ರೀ?"
ಮೇಲಿನವರು.
"ಅವ್ರಿಗಿ?"
ಅವರ ಮೇಲಿನವರು.
"ಎಲ್ಲಾರ್ಕಿಂತ ಮ್ಯಾಲಿನವ್ರಿಗಿ?"
ಅವರು ತಮಗೆ ತಾವೇ ಸಹಿ ಹಾಕಿಕೊಳ್ಳುತ್ತಾರೆ.
ಅವನು ನಕ್ಕ. "ನಾ ಐದು ಸಾವಿರ ಸಾಲಾ ಕೇಳಿದಾಗ
ಇಬ್ಬರನ್ನ ಕರ್ಕೊಂಡ ಬಾ ಅಂದಿದ್ರಿ."

ಹೊಸ ಪತ್ರ ಬಂದಿತ್ತು. ಅದರ ಕೀಲಿ ಯಾವುದು?
ಮುಧೋಳಕ್ಕೆ ವರ್ಗವಾದ ಅಂಗಡಿಯವರು ಬಿಟ್ಟುಹೋದ ಫೋಲ್ಡರು:
ಹೊಸ ಕೀಲಿ. ಹೊಸ ಕೀಲಿ ಎರಡು. ಖರೇ ಹೊಸ ಕೀಲಿ.
ಹಳೇದು ಅಳಿಸಬೇಡಿ.
ಒಂದೊಂದರೊಳಗಿನ ಆ ಉದ್ದನೆಯ ಸಂಖ್ಯೆಯನ್ನು
ಗಾಣಕ್ಕೆ ಹಾಕಿ ಒಂದು ಸಾಲಾಗಿ ಹಿಂಡಿದೆ,
ಪತ್ರದ್ದನ್ನೂ ಹಿಂಡಿದೆ,
ಮೇಲೆ ಕೆಳಗೆ ಇಟ್ಟು ಬೆರಳು ಹಚ್ಚಿ ಓದಿದೆ.
ಮೊದಲನೆಯದಲ್ಲ. ಎರಡನೆಯದು ಮೊದಲ ಅಕ್ಷರದಲ್ಲೇ ಅಲ್ಲ.
ಖರೇ ಹೊಸದು:
ಏಳು, ಸಿ, ಸೊನ್ನೆ, ಒಂಬತ್ತು, ಎಫ್,
ಕಡೆಯ ತನಕ ಸರಿಗಟ್ಟಿತು.
ತುಕ್ಕು ಹಿಡಿದ ಬೀಗ ಬಿಚ್ಚಿಕೊಳ್ಳುವ ಆ ಕಟ್ಟೆಂಬ ಸದ್ದು
ಇಲ್ಲಿ ಕಿವಿಗೆ ಬೀಳುವುದಿಲ್ಲ.
ನನ್ನ ಭುಜಕ್ಕೆ ಕೇಳಿತು.

ಗೀಟು ಹೋಯಿತು. ಕಾರ್ಯದರ್ಶಿಯ ಫೋನು:
"ಅದ ಕೈಲೆ ಠರಾವಿನ ಸಹೀನೂ ತಪಾಸ ಮಾಡಿಬಿಡ್ರಿ."
ಠರಾವು: ಅವರ ಅಳಿಯನಿಗೆ ಎಂಟು ಲಕ್ಷ,
ಆಧಾರಕ್ಕೆ ಒಂದು ಕಬ್ಬು ಕಟಾವಿನ ಯಂತ್ರ,
ಕಣ್ಣಾರೆ ಕಂಡವರಿಲ್ಲ.
ಕೆಳಗೆ ಅಧ್ಯಕ್ಷರ ಡಿಜಿಟಲ್ ಸಹಿ.
ಪರದೆ ಒಂದೇ ಮಾತು ಹೇಳಿತು: ಸರಿಯಿದೆ.

"ಸರಿ ಅಂದ್ರ ಸರಿನ್ರೀ, ಮೇಡಂ?"

ಅಕ್ಷರ ಅಲುಗಿಲ್ಲ, ಕೈ ಅವರದೇ. ಅಷ್ಟು, ಲಾಲಸಾಬ.
ಆ ಕೈ ಏನು ಮಾಡಿತು ಅಂತ ಕೇಳುವುದಕ್ಕೆ
ಇದರಲ್ಲಿ ಯಾವ ಆಜ್ಞೆಯೂ ಇಲ್ಲ.

ಶಟರಿಗೆ ಕೀಲಿ ಹಾಕುವಾಗ ಅವನ ಗೊಂಚಲು ನೋಡಿದೆ.
ಕೀಲಿಕೈ ಹನ್ನೊಂದು, ಬಾಗಿಲು ಹತ್ತು.
ಹನ್ನೊಂದನೆಯದು ಹಳೇ ಊರಿನ ಗೋದಾಮಿನದು,
ಬೀಗ ಹಿನ್ನೀರಿನ ಕೆಳಗೆ.
"ನೀರ ಇಳದಾಗ ಬೇಕಾದ್ರ?" ಅಂದ,
ತಾನೇ ನಂಬದ ದನಿಯಲ್ಲಿ.

ನಾನು ನಗಲಿಲ್ಲ.
ಹಳೇದು ಅಳಿಸಬೇಡಿ ಅನ್ನುವ ಆ ಕೀಲಿ
ಯಾವ ಪತ್ರಕ್ಕೂ ಕೂಡಿರಲಿಲ್ಲ, ಆದರೂ ಉಳಿಸಿದ್ದೆ.
ಅದರ ಪಕ್ಕಕ್ಕೇ ಠರಾವಿನ ಒಂದು ಪ್ರತಿ,
ಸಹಿ ಸಮೇತ.
ನಾಳೆ ಯಾರಾದರೂ ಇದು ನಮ್ಮ ಕೈಯಲ್ಲ ಅಂದರೆ
ಬೇಕಾಗಬಹುದು.